ಬೇಸಿಗೆಯ ರಾತ್ರಿ ಸಂತೆ: ತಿನಿಸು ಹಾಗೂ ಕರಕುಶಲ ವಸ್ತುಗಳನ್ನು ಕೊಳ್ಳುವವರಿಗೂ ಮಾರುವವರಿಗೂ ಮಾಹಿತಿ

ಪೀಠಿಕೆ

ಮಾರ್ಚ್ ತಿಂಗಳಿನಿಂದ ಮೇ ಅಂತ್ಯದವರೆಗೆ ರಾಜ್ಯದ ಬಹುತೇಕ ಊರುಗಳಲ್ಲಿ ಹಗಲಿನ ಬಿಸಿಲಿಗೆ ಅಂಜಿ ಮನೆಯೊಳಗೇ ಉಳಿದ ಜನರು ಹೊತ್ತು ಮುಳುಗಿದ ನಂತರ ಪೇಟೆಗೆ ಬರುತ್ತಾರೆ. ಸುಗ್ಗಿ ಮುಗಿದ ಈ ಅವಧಿಯಲ್ಲಿಯೇ ಊರ ಹಬ್ಬ, ರಥೋತ್ಸವ ಹಾಗೂ ಜಾತ್ರೆಗಳು ಒಂದರ ಹಿಂದೊಂದು ನಡೆಯುತ್ತವೆ. ಮಕ್ಕಳಿಗೆ ಶಾಲೆಯ ರಜೆಯೂ ಇರುತ್ತದೆ. ಆದುದರಿಂದ ತಿನಿಸು, ಆಟಿಕೆ, ಬಳೆ, ಪಾತ್ರೆಗಳ ರಾತ್ರಿ ಸಂತೆ ಎಂಬುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಟಾಗ ಹಳೆಯ ಪೇಟೆಯ ಬೀದಿಗಳು ಬೆಳಗಿನವರೆಗೂ ಎಚ್ಚರವಾಗಿಯೇ ಇರುತ್ತವೆ. ಎರಡು ವರ್ಷಗಳಿಗೊಮ್ಮೆ ಫಾಲ್ಗುಣ ಮಾಸದಲ್ಲಿ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿಯೂ ವ್ಯಾಪಾರ ಕಳೆಕಟ್ಟುವುದು ದೀಪ ಹತ್ತಿದ ಮೇಲೆಯೇ. ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ಸಜ್ಜನರಾವ್ ವೃತ್ತದ ಬಳಿ ಇರುವ ತಿಂಡಿ ಬೀದಿಯು ವರ್ಷವಿಡೀ ಸಂಜೆಯ ವೇಳೆ ನಡೆಯುವಂಥದ್ದಾದರೂ, ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಕ್ಕಿ ರೊಟ್ಟಿ, ಪಡ್ಡು, ಬಿಸಿ ಹೋಳಿಗೆ, ಮೆಣಸಿನಕಾಯಿ ಬಜ್ಜಿ ಇವುಗಳನ್ನು ನಿಂತೇ ತಿನ್ನುವ ಸಂತೋಷಕ್ಕಾಗಿ ನಗರದ ಇನ್ನೊಂದು ತುದಿಯಿಂದ ಬರುವವರೂ ಇದ್ದಾರೆ.

ಇಂತಹ ಸಂತೆಯಲ್ಲಿ ಅಂಗಡಿಗೆ ಬಾಗಿಲಿರುವುದಿಲ್ಲ, ಖರೀದಿಗೆ ರಸೀದಿ ಸಿಗುವುದು ಅಪರೂಪ, ಇಂದು ಕಂಡ ವ್ಯಾಪಾರಿ ನಾಳೆ ಅದೇ ಸ್ಥಳದಲ್ಲಿ ಸಿಗುತ್ತಾರೆಂಬ ಖಾತರಿಯೂ ಇಲ್ಲ. ಹೀಗಾಗಿ ಇಲ್ಲಿ ಕಾಯ್ದೆ ಕಾನೂನುಗಳು ಅನ್ವಯಿಸುವುದಿಲ್ಲವೆಂಬ ಭಾವನೆ ಕೊಳ್ಳುವವರಲ್ಲಿಯೂ ಮಾರುವವರಲ್ಲಿಯೂ ಬೇರೂರಿದೆ. ಈ ಭಾವನೆ ಸರಿಯಲ್ಲ. ಸಂತೆಗೆ ಬರುವ ಗ್ರಾಹಕನ ಆರೋಗ್ಯ ಮತ್ತು ಹಣಕ್ಕೆ ಕಾನೂನಿನ ರಕ್ಷಣೆ ಇರುವಂತೆಯೇ, ತಳ್ಳುಗಾಡಿಯ ಹಿಂದೆ ನಿಂತ ವ್ಯಾಪಾರಿಯ ಜೀವನೋಪಾಯಕ್ಕೂ ಕಾನೂನಿನ ರಕ್ಷಣೆ ಇದೆ. ಇವೆರಡೂ ಪರಸ್ಪರ ವಿರುದ್ಧವಾದವುಗಳಲ್ಲ ಎಂಬುದನ್ನು ಈ ಮಾಹಿತಿಯನ್ನು ಓದುವ ನಾಗರಿಕರು ಗಮನಿಸುವುದು.

ಬೀದಿ ವ್ಯಾಪಾರಕ್ಕೆ ಇರುವ ಕಾನೂನಿನ ಆಧಾರ

ಬೀದಿ ಬದಿ ವ್ಯಾಪಾರವು ಸಂವಿಧಾನದ 19ನೇ ವಿಧಿಯಲ್ಲಿ ನೀಡಲಾದ ವೃತ್ತಿ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ ಇಂತಹುದೇ ಸ್ಥಳದಲ್ಲಿ ಕುಳಿತುಕೊಳ್ಳುತ್ತೇನೆಂಬ ಹಕ್ಕು ಯಾರಿಗೂ ಇಲ್ಲ, ಸಮಂಜಸವಾದ ನಿರ್ಬಂಧಗಳನ್ನು ವಿಧಿಸಬಹುದು ಎಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು. ಈ ಎರಡು ಮಾತುಗಳ ನಡುವಿನ ಖಾಲಿ ಜಾಗವನ್ನು ತುಂಬಲು ಕಾಲು ಶತಮಾನ ಹಿಡಿಯಿತು. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ಬದಿ ವ್ಯಾಪಾರ ನಿಯಂತ್ರಣ ಅಧಿನಿಯಮವು ದಿನಾಂಕ 01-05-2014ರಿಂದ ಜಾರಿಗೆ ಬಂದಿತು.

ಸದರಿ ಅಧಿನಿಯಮದ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರತಕ್ಕದ್ದು. ಸಮಿತಿಯ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ತಮ್ಮೊಳಗಿನಿಂದ ಚುನಾಯಿಸಿದ ಪ್ರತಿನಿಧಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಸಮಿತಿಯು ಕನಿಷ್ಠ 5 ವರ್ಷಗಳಿಗೊಮ್ಮೆ ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಸಮೀಕ್ಷೆಯಲ್ಲಿ ಗುರುತಿಸಿದವರಿಗೆ ಮಾರಾಟ ಪ್ರಮಾಣ ಪತ್ರ ನೀಡತಕ್ಕದ್ದು. ವಾರ್ಡು, ವಲಯ ಅಥವಾ ಪಟ್ಟಣದ ಜನಸಂಖ್ಯೆಯ ಶೇಕಡ 2.5ರಷ್ಟು ವ್ಯಾಪಾರಿಗಳಿಗೆ ಸ್ಥಳಾವಕಾಶ ಕಲ್ಪಿಸಬಹುದೆಂದು ಕಾನೂನೇ ಮಿತಿ ಗೊತ್ತುಪಡಿಸಿದೆ.

ಕೊಳ್ಳುವವರೂ ಮಾರುವವರೂ ಸಾಂಪ್ರದಾಯಿಕವಾಗಿ ಒಂದೆಡೆ ಸೇರುತ್ತಾ ಬಂದ ಸ್ಥಳವನ್ನು ಕಾನೂನು ಸ್ವಾಭಾವಿಕ ಮಾರುಕಟ್ಟೆ ಎಂದು ಕರೆಯುತ್ತದೆ. ಸಂಜೆಯ ತಿಂಡಿ ಸಾಲುಗಳು, ದೇವಸ್ಥಾನದ ಎದುರಿನ ಹೂವು ಹಣ್ಣಿನ ಸಾಲುಗಳು ಬಹುಮಟ್ಟಿಗೆ ಈ ಬಗೆಯವು. ಸಮೀಕ್ಷೆಯಲ್ಲಿ ಗುರುತಿಸಲಾದ ಸ್ವಾಭಾವಿಕ ಮಾರುಕಟ್ಟೆಯನ್ನು ವ್ಯಾಪಾರ ನಿಷೇಧಿತ ವಲಯವೆಂದು ಘೋಷಿಸುವಂತಿಲ್ಲ. 50 ವರ್ಷಗಳಿಗೂ ಮೇಲ್ಪಟ್ಟು ವ್ಯಾಪಾರ ನಡೆದುಬಂದಿರುವ ಇಂತಹ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಿ, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸದೆ ಉಳಿಸಿಕೊಳ್ಳಬೇಕೆಂಬ ಉಪಬಂಧವೂ ಅಧಿನಿಯಮದ ಅನುಸೂಚಿಯಲ್ಲಿದೆ. ಈ ಉಪಬಂಧವನ್ನು ಹೆಚ್ಚಿನ ವ್ಯಾಪಾರಿಗಳು ಕೇಳಿಯೇ ಇಲ್ಲವೆನ್ನಬೇಕು.

ತಿನಿಸು ಕೊಳ್ಳುವ ಮುನ್ನ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ವ್ಯಾಪ್ತಿಗೆ ದೊಡ್ಡ ಹೋಟೆಲುಗಳಷ್ಟೇ ಅಲ್ಲದೆ ತಳ್ಳುಗಾಡಿ, ತಲೆ ಮೇಲಿನ ಬುಟ್ಟಿ ಹಾಗೂ ಜಾತ್ರೆಯ ತಾತ್ಕಾಲಿಕ ಮಳಿಗೆಗಳೂ ಬರುತ್ತವೆ. ನೋಂದಣಿ ಪಡೆದ ವ್ಯಾಪಾರಿಯ ಬಳಿ 14 ಅಂಕಿಗಳ ಸಂಖ್ಯೆ ಇರುತ್ತದೆ. ಈ ಸಂಖ್ಯೆಯು 2ರಿಂದ ಆರಂಭವಾದರೆ ಸಣ್ಣ ವ್ಯಾಪಾರಿಯ ನೋಂದಣಿಯೆಂದೂ, 1ರಿಂದ ಆರಂಭವಾದರೆ ದೊಡ್ಡ ಉದ್ದಿಮೆಯ ಪರವಾನಗಿಯೆಂದೂ ತಿಳಿಯತಕ್ಕದ್ದು. ಗಾಡಿಯ ಮೇಲೆ ಈ ಸಂಖ್ಯೆ ಬರೆದಿರುವುದು ಶುಚಿತ್ವಕ್ಕೆ ಪೂರ್ಣ ಖಾತರಿಯಲ್ಲವಾದರೂ, ತೊಂದರೆಯಾದಾಗ ಯಾರನ್ನು ಕೇಳಬೇಕೆಂಬುದಕ್ಕೆ ಅದೊಂದು ವಿಳಾಸ.

ಬಣ್ಣದ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ, ಬಣ್ಣ ಹಾಕಿದ ಬಾಂಬೆ ಮಿಠಾಯಿಯ ಮಾರಾಟವನ್ನೂ ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷಿಸಲಾದ ಗೋಬಿ ಮಂಚೂರಿಯ 171 ಮಾದರಿಗಳ ಪೈಕಿ 107, ಬಾಂಬೆ ಮಿಠಾಯಿಯ 25 ಮಾದರಿಗಳ ಪೈಕಿ 15 ಅಸುರಕ್ಷಿತವೆಂದು ಕಂಡುಬಂದಿದ್ದವು. ಪತ್ತೆಯಾದವುಗಳಲ್ಲಿ ರೋಡಮೈನ್-ಬಿ ಎಂಬುದು ಬಟ್ಟೆ, ಕಾಗದಗಳಿಗೆ ಹಾಕುವ ಕೈಗಾರಿಕಾ ಬಣ್ಣ. ಯಾವ ಪ್ರಮಾಣದಲ್ಲಿಯೂ ಅದನ್ನು ಆಹಾರಕ್ಕೆ ಬಳಸಲು ಅನುಮತಿಯಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಲಾಯಿತು. ಈ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿಯೂ ಓದಬಹುದಾಗಿದೆ. ಗೋಬಿಯ 64 ಮಾದರಿಗಳಲ್ಲಿ ಅಂತಹ ದೋಷ ಕಂಡುಬರಲಿಲ್ಲ. ಬಣ್ಣವಿಲ್ಲದೆ ವ್ಯಾಪಾರವೇ ನಡೆಯದೆಂಬ ವಾದಕ್ಕೆ ಆ ವ್ಯಾಪಾರಿಗಳೇ ಉತ್ತರ. ಕೆಂಪು ಕಡಿಮೆ ಇದೆಯೆಂದು ತಟ್ಟೆಯನ್ನು ಹಿಂದಕ್ಕೆ ಕೊಡುವ ಗ್ರಾಹಕನೇ ಬಣ್ಣದ ಡಬ್ಬಿಯನ್ನು ಗಾಡಿಗೆ ವಾಪಸು ತರಿಸುತ್ತಾನೆ. ಮಕ್ಕಳು ಹಠ ಮಾಡಿದಲ್ಲಿ ಬಣ್ಣ ಹಾಕದ ಬಿಳಿ ಬಾಂಬೆ ಮಿಠಾಯಿಯನ್ನು ಕೊಡಿಸಲು ಅಡ್ಡಿಯಿಲ್ಲ, ಅದಕ್ಕೆ ನಿಷೇಧವಿಲ್ಲ.

ಬಾಯಿಂದ ಹೊಗೆ ಬರುವಂತೆ ಮಾಡುವ ಬಿಸ್ಕತ್ತನ್ನು ಮಾತ್ರ ಮಕ್ಕಳಿಗೆ ಯಾವ ಕಾರಣಕ್ಕೂ ಕೊಡಿಸಬಾರದು. ಅದಕ್ಕೆ ಬಳಸುವ ದ್ರವ ಸಾರಜನಕವು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪದಲ್ಲಿ ಕುದಿಯುತ್ತದೆ. ಪೂರ್ತಿ ಆವಿಯಾಗುವ ಮುನ್ನ ನುಂಗಿದರೆ ಬಾಯಿ, ಅನ್ನನಾಳ ಮತ್ತು ಜಠರಕ್ಕೆ ಸುಟ್ಟಂತಹ ಗಾಯವಾಗುತ್ತದೆ. ಬಾಲಕನೊಬ್ಬ ಇಂತಹ ಬಿಸ್ಕತ್ತು ತಿಂದು ಅಸ್ವಸ್ಥನಾದ ಪ್ರಕರಣದ ನಂತರ 2024ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಇದರ ಮಾರಾಟವನ್ನು ನಿಷೇಧಿಸಲಾಗಿದೆ.

ಕರಿದ ತಿನಿಸುಗಳ ಬಗ್ಗೆ: ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಧ್ರುವೀಯ ಸಂಯುಕ್ತಗಳೆಂಬ ಹಾನಿಕಾರಕ ಅಂಶಗಳು ಸೇರುತ್ತಾ ಹೋಗುತ್ತವೆ. ಇವುಗಳ ಒಟ್ಟು ಪ್ರಮಾಣ ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸುವಂತಿಲ್ಲವೆಂಬ ನಿಯಮ ದಿನಾಂಕ 01-07-2018ರಿಂದ ಜಾರಿಯಲ್ಲಿದೆ. ಗ್ರಾಹಕರ ಬಳಿ ಅಳತೆಯ ಉಪಕರಣ ಇರುವುದಿಲ್ಲ, ಕಣ್ಣು ಮೂಗುಗಳಿವೆ. ಬಾಣಲೆಯ ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ಬಜ್ಜಿ ಬಿಡುವ ಮೊದಲೇ ನೊರೆ ಕಟ್ಟಿ ಹೊಗೆಯಾಡುತ್ತಿದ್ದರೆ, ಮುಂದಿನ ಗಾಡಿಗೆ ಹೋಗುವುದೇ ಲೇಸು. ತಿನಿಸನ್ನು ಅಚ್ಚಾದ ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಡುವುದಕ್ಕೂ ನಿಷೇಧವಿದೆ. ಶಾಯಿಯು ಬಿಸಿ ಎಣ್ಣೆಯೊಡನೆ ತಿನಿಸಿಗೆ ಇಳಿಯುತ್ತದೆ. ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ಈ ನಾಡಿನಲ್ಲಿ ಹೇರಳವಾಗಿರುವಾಗ ಪತ್ರಿಕೆಯ ಅವಶ್ಯಕತೆಯಾದರೂ ಏನು.

ಬೇಸಿಗೆಯ ಸಂತೆಯೆಂದರೆ ಮಾವು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದು ಸಂಪೂರ್ಣ ನಿಷಿದ್ಧ. ಎಥಿಲೀನ್ ಅನಿಲವನ್ನು ನಿಗದಿತ ಮಿತಿಯೊಳಗೆ ಬಳಸಬಹುದು. ರಾತ್ರಿಯ ಹಳದಿ ದೀಪದ ಕೆಳಗೆ ಎಲ್ಲ ಮಾವೂ ಮಾಗಿದಂತೆಯೇ ಕಾಣುತ್ತವೆಯಾದ್ದರಿಂದ ತೊಟ್ಟಿನ ಬಳಿ ಮೂಸಿ ನೋಡಿ ಕೊಳ್ಳುವ ಹಳೆಯ ರೂಢಿಯನ್ನು ಬಿಡಬಾರದು. ಹಣ್ಣಿನ ರಸ, ಶರಬತ್ತುಗಳಿಗೆ ಹಾಕುವ ಮಂಜುಗಡ್ಡೆಯು ಕುಡಿಯುವ ನೀರಿನಿಂದ ಮಾಡಿದ್ದಾಗಿರಬೇಕು. ಮೀನು ಕೆಡದಂತೆ ಇಡಲು ತಯಾರಿಸುವ ಮಂಜುಗಡ್ಡೆ ಕುಡಿಯಲು ಯೋಗ್ಯವಲ್ಲ. ಮಂಜುಗಡ್ಡೆಯ ಮೂಲವನ್ನು ವ್ಯಾಪಾರಿ ಹೇಳದಿದ್ದಲ್ಲಿ ಎಳನೀರು ಕುಡಿಯಬಹುದು.

ತೂಕ ಮತ್ತು ಬೆಲೆ

ಜಾತ್ರೆಯಲ್ಲಿ ಪುರಿ, ಕಡಲೆಗಳನ್ನು ಸೇರು, ಪಾವುಗಳ ಲೆಕ್ಕದಲ್ಲಿ ಅಳೆದುಕೊಡುವ ಪದ್ಧತಿ ಇನ್ನೂ ಇದೆ. ಇವು ಕಾನೂನು ಮಾನ್ಯವಾದ ಅಳತೆಗಳಲ್ಲ. ಕಿಲೋಗ್ರಾಂ, ಲೀಟರುಗಳಲ್ಲಿ ಕೇಳಿ ಪಡೆಯತಕ್ಕದ್ದು. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಅಡಿ ವಿದ್ಯುನ್ಮಾನ ತಕ್ಕಡಿಗೆ 12 ತಿಂಗಳಿಗೊಮ್ಮೆ, ತೂಕದ ಬಟ್ಟುಗಳಿಗೂ ತೂಗು ತಕ್ಕಡಿಗೂ 24 ತಿಂಗಳಿಗೊಮ್ಮೆ ಇಲಾಖೆಯ ಮುದ್ರೆ ಹಾಕಿಸತಕ್ಕದ್ದು. ನೀರಿನ ಬಾಟಲಿಯಂತಹ ಪೊಟ್ಟಣ ಸಾಮಗ್ರಿಗಳಿಗೆ ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ಜಾತ್ರೆಯೆಂಬುದು ಇದಕ್ಕೆ ವಿನಾಯಿತಿಯಲ್ಲ.

ಕರಕುಶಲ ವಸ್ತುಗಳು

ತಿನಿಸಿನಲ್ಲಿ ಮೋಸವಾದರೆ ಹೊಟ್ಟೆ ಹೇಳುತ್ತದೆ. ಕರಕುಶಲ ವಸ್ತುವಿನಲ್ಲಿ ಮೋಸವಾದರೆ ಕೊಂಡವರಿಗೆ ವರ್ಷಗಟ್ಟಲೆ ತಿಳಿಯದೆ ಹೋಗಬಹುದು, ನಷ್ಟ ಮಾತ್ರ ದೂರದ ಊರಿನ ಕುಶಲಕರ್ಮಿಗೆ ಆಗುತ್ತದೆ. ಚನ್ನಪಟ್ಟಣದ ಹೆಸರಿನಲ್ಲಿ ಮಾರುವ ಆಟಿಕೆಗಳ ವಿಷಯದಲ್ಲಿ ಆಗುತ್ತಿರುವುದು ಇದೇ. ಚನ್ನಪಟ್ಟಣದ ಗೊಂಬೆಗಳಿಗೆ 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಬೇರೆ ಕಡೆ ಮಾಡಿದ ವಸ್ತುವಿಗೆ ಈ ಹೆಸರನ್ನು ಅಂಟಿಸಿ ಮಾರುವುದು 1999ರ ಭೌಗೋಳಿಕ ಸೂಚಿಗಳ ಅಧಿನಿಯಮದ ಪ್ರಕಾರ ಶಿಕ್ಷಾರ್ಹ ಅಪರಾಧ; 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ ರೂ.50,000/-ದಿಂದ ರೂ.2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಅಸಲಿ ವಸ್ತುವನ್ನು ಗುರುತಿಸಲು ಅದನ್ನು ಮಾಡುವ ವಿಧಾನವನ್ನು ತಿಳಿದಿದ್ದರೆ ಸಾಕು. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ನಂತರ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದಾಗ, ಉಜ್ಜಿದ ಕಾವಿಗೆ ಅರಗು ಕರಗಿ ಮರದ ಮೇಲೆ ಪದರವಾಗಿ ಕೂರುತ್ತದೆ. ಕೊನೆಗೆ ಒಣಗಿದ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಆದುದರಿಂದ ಇಲ್ಲಿನ ಗೊಂಬೆಯ ಭಾಗಗಳು ಉರುಟಾಗಿರುತ್ತವೆ, ಅರಗಿನ ಮೈ ಮೇಲೆ ಕುಂಚದ ಗೆರೆ ಕಾಣುವುದಿಲ್ಲ. ಕಣ್ಣು, ಮೂಗುಗಳ ಸಣ್ಣ ಚುಕ್ಕೆಗಳನ್ನು ಮಾತ್ರ ಕುಂಚದಿಂದ ಬರೆದಿರಬಹುದು. ಚಪ್ಪಟೆ ಹಲಗೆಯನ್ನು ಕತ್ತರಿಸಿ ಬಣ್ಣ ಬಳಿದ ಆಟಿಕೆಯನ್ನು ಚನ್ನಪಟ್ಟಣದ ಅರಗಿನ ಕೆಲಸವೆಂದು ಹೇಳಿದರೆ ನಂಬಬೇಕಿಲ್ಲ. ಆದರೆ ಕುಂಚದ ಗೆರೆ ಕಂಡ ಮಾತ್ರಕ್ಕೆ ಎಲ್ಲವನ್ನೂ ನಕಲಿ ಎನ್ನುವುದೂ ತಪ್ಪಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಕುಂಚದಿಂದಲೇ ಬಣ್ಣ ಬರೆಯುತ್ತಾರೆ, ಅದೂ ಭೌಗೋಳಿಕ ಸೂಚಿ ಪಡೆದ ಕಲೆಯೇ ಆಗಿದೆ. ಇಳಕಲ್ ಸೀರೆ ಕೊಳ್ಳುವವರು ಒಡಲೂ ಸೆರಗೂ ಸೇರುವ ಕಡೆ ತಿರುಗಿಸಿ ನೋಡಬೇಕು. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಬೆಸೆದಿರುವುದು ಆ ನೇಯ್ಗೆಯ ಗುರುತು. ಬಿದರಿ ಪಾತ್ರೆಯಲ್ಲಿ ಬೆಳ್ಳಿಯ ತಂತಿ, ತಗಡುಗಳನ್ನು ಕೆತ್ತಿದ ಗೆರೆಯೊಳಗೆ ಕೂರಿಸಿರುತ್ತಾರೆಯೇ ಹೊರತು ಬಿಳಿ ಬಣ್ಣ ಬಳಿದಿರುವುದಿಲ್ಲ.

ಆಟಿಕೆಗಳ ಸುರಕ್ಷತೆಗೆ ಸಂಬಂಧಿಸಿದಂತೆ ಇನ್ನೊಂದು ಅಂಶವಿದೆ. 14 ವರ್ಷಕ್ಕಿಂತ ಕೆಳಗಿನ ಮಕ್ಕಳ ಆಟಿಕೆಗಳಿಗೆ ದಿನಾಂಕ 01-01-2021ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಣಿಯಾದ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರಿಗೂ ಇದರಿಂದ ವಿನಾಯಿತಿ ಇದೆ. ಅಂದರೆ ಪ್ಲಾಸ್ಟಿಕ್ ಬಂದೂಕು, ಬ್ಯಾಟರಿ ಕಾರುಗಳ ಮೇಲೆ ಗುರುತನ್ನು ಹುಡುಕಬೇಕು. ಕುಶಲಕರ್ಮಿಯು ತಾನೇ ಮಾಡಿ ತಂದ ಮರದ ಗೊಂಬೆಯ ಮೇಲೆ ಗುರುತಿಲ್ಲವೆಂದು ಸಂಶಯ ಪಡಬಾರದು; ಆತನ ಗುರುತಿನ ಚೀಟಿಯನ್ನು ವಿನಯದಿಂದ ಕೇಳಿ ನೋಡಬಹುದು. ಬೆಲೆಯ ಅಂದಾಜಿಗೆ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಯನ್ನು ಮೊದಲೊಮ್ಮೆ ನೋಡಿ ಬಂದರೆ ಚೌಕಾಸಿಗೂ ಒಂದು ನ್ಯಾಯ ಇರುತ್ತದೆ. ಬಜ್ಜಿಯ ಬೆಲೆಯನ್ನು ಕೇಳದೆ ಕೊಟ್ಟು, ಒಂದು ದಿನದ ಕೂಲಿ ಅಡಗಿರುವ ಗೊಂಬೆಗೆ ಅರ್ಧ ಬೆಲೆ ಕೇಳುವ ರೂಢಿ ವ್ಯಾಪಕವಾಗಿದೆ.

ಮಳಿಗೆ ಹಾಕಲು ಇಚ್ಛಿಸುವವರಿಗೆ

ಬೀದಿಯಲ್ಲಿ ನಿತ್ಯ ವ್ಯಾಪಾರ ಮಾಡುವವರು ಮಾರಾಟ ಪ್ರಮಾಣ ಪತ್ರಕ್ಕಾಗಿ ತಮ್ಮ ನಗರ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿದಾರರು ತಾವೇ ಅಥವಾ ತಮ್ಮ ಕುಟುಂಬದವರ ಮೂಲಕವೇ ವ್ಯಾಪಾರ ನಡೆಸುವುದಾಗಿಯೂ, ಬೇರೆ ಜೀವನೋಪಾಯ ಇಲ್ಲವೆಂದೂ, ಪ್ರಮಾಣ ಪತ್ರವನ್ನು ಬಾಡಿಗೆಗೆ ಕೊಡುವುದಿಲ್ಲವೆಂದೂ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಒಂದೇ ಸ್ಥಳವನ್ನು ಹಗಲು ಒಬ್ಬರು ರಾತ್ರಿ ಒಬ್ಬರು ಬಳಸುವ ಸಮಯ ಹಂಚಿಕೆಗೂ ಅವಕಾಶವಿದೆ. ರಾತ್ರಿ ಸಂತೆಯ ವ್ಯಾಪಾರಿಗಳಿಗೆ ಇದು ಅನುಕೂಲಕರ. ಆದರೆ ತಮ್ಮ ಅವಧಿ ಮುಗಿದೊಡನೆ ಸಾಮಾನುಗಳನ್ನೆಲ್ಲ ತೆಗೆದು ಸ್ಥಳವನ್ನು ಶುಚಿಗೊಳಿಸುವುದು ಕಡ್ಡಾಯ. ಆಹಾರ ನೋಂದಣಿಯ ಅರ್ಜಿಯನ್ನು ಫಾಸ್ಕಾಸ್ ಜಾಲತಾಣದಲ್ಲಿ ಸ್ವತಃ ಸಲ್ಲಿಸಬಹುದಾಗಿದ್ದು, ಮಧ್ಯವರ್ತಿಗಳಿಗೆ ಹಣ ಕೊಡುವ ಅಗತ್ಯವಿಲ್ಲ.

ಬಂಡವಾಳದ ಅಗತ್ಯವಿರುವ ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆ ಇದೆ. 2025ರ ಆಗಸ್ಟ್ ತಿಂಗಳಲ್ಲಿ ಪರಿಷ್ಕರಿಸಿದಂತೆ ಮೊದಲ ಕಂತಿನಲ್ಲಿ ರೂ.15,000/-, ಅದನ್ನು ತೀರಿಸಿದ ನಂತರ ರೂ.25,000/-, ಆ ನಂತರ ರೂ.50,000/-ವರೆಗೆ ಯಾವುದೇ ಜಾಮೀನಿಲ್ಲದೆ ಸಾಲ ದೊರೆಯುತ್ತದೆ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದಲ್ಲಿ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆದು ಅರ್ಜಿ ಸಲ್ಲಿಸಬಹುದು. ಗೊಂಬೆ ಮಾಡುವವರು, ಕುಂಬಾರರು, ಬುಟ್ಟಿ ಚಾಪೆ ಹೆಣೆಯುವವರು ಮೊದಲಾದ 18 ಕಸುಬುಗಳವರಿಗೆ 2023ರ ಸೆಪ್ಟೆಂಬರ್ ತಿಂಗಳಿನಿಂದ ಪಿ.ಎಂ. ವಿಶ್ವಕರ್ಮ ಯೋಜನೆ ಪ್ರತ್ಯೇಕವಾಗಿದೆ. ಇದರಲ್ಲಿ ತರಬೇತಿ, ಉಪಕರಣಕ್ಕಾಗಿ ರೂ.15,000/- ಹಾಗೂ ಶೇಕಡ 5ರ ಬಡ್ಡಿಯಲ್ಲಿ ಮೊದಲು ರೂ.1 ಲಕ್ಷ, ನಂತರ ರೂ.2 ಲಕ್ಷದವರೆಗೆ ಸಾಲ ಲಭ್ಯ.

ಇಲ್ಲಿ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸ್ವನಿಧಿ ಸಾಲವನ್ನು ಪೂರ್ತಿ ತೀರಿಸದೆ ಉಳಿಸಿಕೊಂಡವರು ವಿಶ್ವಕರ್ಮ ಯೋಜನೆಗೆ ಅರ್ಹರಾಗುವುದಿಲ್ಲ. ತಾನೇ ಗೊಂಬೆ ಮಾಡಿ ತಾನೇ ಬೀದಿಯಲ್ಲಿ ಮಾರುವ ಕುಶಲಕರ್ಮಿಯು ಯಾರೋ ಹೇಳಿದರೆಂದು ಅವಸರದಲ್ಲಿ ಸಣ್ಣ ಸಾಲಕ್ಕೆ ಸಹಿ ಹಾಕಿ, ಅದು ತೀರುವವರೆಗೆ ದೊಡ್ಡ ಸೌಲಭ್ಯದಿಂದ ಹೊರಗುಳಿಯುವ ಸಂಭವವಿದೆ. ಎರಡೂ ಯೋಜನೆಗಳ ನಿಯಮಗಳನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ ನಂತರವೇ ಅರ್ಜಿ ಹಾಕುವುದು ಉಚಿತ.

ತೆರವು, ಜಪ್ತಿ ಮತ್ತು ದೂರು

ಸಮೀಕ್ಷೆ ಪೂರ್ಣಗೊಂಡು ಪ್ರಮಾಣ ಪತ್ರ ವಿತರಣೆಯಾಗುವವರೆಗೆ ಬೀದಿ ವ್ಯಾಪಾರಿಯನ್ನು ತೆರವುಗೊಳಿಸುವಂತಿಲ್ಲ. ನಂತರವೂ ಸ್ಥಳಾಂತರಿಸುವ ಮುನ್ನ 30 ದಿನಗಳ ನೋಟೀಸು ನೀಡತಕ್ಕದ್ದು. ಪ್ರಮಾಣ ಪತ್ರದ ಷರತ್ತಿನಂತೆ ವ್ಯಾಪಾರ ಮಾಡುತ್ತಿರುವವರಿಗೆ ಪೊಲೀಸರಾಗಲಿ ಇತರ ಅಧಿಕಾರಿಗಳಾಗಲಿ ಅಡ್ಡಿಪಡಿಸುವಂತಿಲ್ಲವೆಂದು ಅಧಿನಿಯಮದ 27ನೇ ಪ್ರಕರಣ ಹೇಳುತ್ತದೆ. ಶುಲ್ಕವೆಂದು ಯಾರಿಗಾದರೂ ಹಣ ಕೊಟ್ಟಲ್ಲಿ ರಸೀದಿ ಕೇಳತಕ್ಕದ್ದು; ರಸೀದಿ ಇಲ್ಲದ ಹಣ ಶುಲ್ಕವಲ್ಲ. ವ್ಯಾಪಾರಿಯ ಕುಂದುಕೊರತೆಗಳನ್ನು ವಿಚಾರಿಸಲು ನ್ಯಾಯಾಂಗದ ಅನುಭವವುಳ್ಳವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಲು ಇದೇ ಅಧಿನಿಯಮ ಅವಕಾಶ ಕಲ್ಪಿಸಿದೆ.

ಗ್ರಾಹಕರು ಆಹಾರದ ಬಗ್ಗೆ 1800-11-2100, ತೂಕ, ಬೆಲೆ ಹಾಗೂ ನಕಲಿ ವಸ್ತುಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ದೂರಿನಲ್ಲಿ ದಿನಾಂಕ, ವೇಳೆ, ಬೀದಿಯ ಹೆಸರು, ಗಾಡಿಯ ಮೇಲಿನ ನೋಂದಣಿ ಸಂಖ್ಯೆ ಹಾಗೂ ಹಣ ಪಾವತಿಯ ವಿವರ ಇರಲಿ. ಮೊಬೈಲಿನಲ್ಲಿ ಹಣ ಕೊಟ್ಟಿದ್ದಲ್ಲಿ ಪಾವತಿಯ ದಾಖಲೆಯೇ ರಸೀದಿಯ ಕೆಲಸ ಮಾಡುತ್ತದೆ.

ವ್ಯಾಪಾರಿಯ ಸಾಮಾನುಗಳನ್ನು ಜಪ್ತಿ ಮಾಡಿದಲ್ಲಿ, ಜಪ್ತಿ ಮಾಡಿದ ವಸ್ತುಗಳ ಪಟ್ಟಿಯನ್ನು ಅಲ್ಲಿಯೇ ತಯಾರಿಸಿ ಅದರ ಪ್ರತಿಯನ್ನು ವ್ಯಾಪಾರಿಗೆ ಕೊಡತಕ್ಕದ್ದು. ಪಟ್ಟಿಯ ಪ್ರತಿಯಿಲ್ಲದೆ ಮರಳಿ ಪಡೆಯುವುದು ಕಷ್ಟವಾದ್ದರಿಂದ ಅದನ್ನು ಕೇಳಿ ಪಡೆಯುವುದು. ನಿಗದಿತ ಶುಲ್ಕ ಪಾವತಿಸಿ ಕೋರಿಕೆ ಸಲ್ಲಿಸಿದಲ್ಲಿ ಗೊಂಬೆ, ಬಳೆ, ಪಾತ್ರೆಗಳಂತಹ ವಸ್ತುಗಳನ್ನು ಎರಡು ಕೆಲಸದ ದಿನಗಳೊಳಗೆ, ಹಣ್ಣು, ತಿನಿಸುಗಳಂತಹ ಕೆಡುವ ವಸ್ತುಗಳನ್ನು ಕೋರಿಕೆ ಸಲ್ಲಿಸಿದ ದಿನವೇ ಬಿಡುಗಡೆ ಮಾಡತಕ್ಕದ್ದು. ರಾತ್ರಿ ಜಪ್ತಿಯಾದ ಮಾವಿನ ಬುಟ್ಟಿಗೆ ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ವೇಳೆಗೇ ಅರ್ಜಿ ಕೊಟ್ಟು, ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು.